ಐದು ವರ್ಷ ಸಾಕಿದ ಗುಂಡ ನಮ್ಮ ಮಾವಾರಿಗೇ ಕಚ್ಚಿದ, ಏನ್ ಮಾಡ್ಲಿ?

ಹೊಲಿಗೆ ಮನೆ, ದಾವಣಗೆರೆ

ನಮಸ್ಕಾರ. ವಿದ್ಯಾನಗರದಲ್ಲಿ ನಮ್ಮನೆ. ಮುಂದಿನ ರೂಮಲ್ಲಿ ನಾನು ಬ್ಲೌಸ್, ಚೂಡಿದಾರ್ ಹೊಲೀತೀನಿ. ಗುಂಡ ನಮ್ಮನೆ ಲ್ಯಾಬ್ರಡಾರ್. 45 ದಿನದ ಮರಿ ಇದ್ದಾಗ ತಂದಿದ್ದು, ಈಗ ಐದು ವರ್ಷ. ನಾನು ಮೆಷಿನ್ ತುಳೀತಿದ್ರೆ ಪೆಡಲ್ ಪಕ್ಕ ತಲೆ ಇಟ್ಟು ಮಲಗಿರ್ತಾನೆ. ಅಳತೆ ಕೊಡೋಕೆ ಬಂದೋರ ಚಪ್ಪಲಿ ಮೂಸಿ, ಬಾಲ ಆಡಿಸಿ, ಮತ್ತೆ ಬಂದು ಮಲಗ್ತಾನೆ. ಇಲ್ಲಿವರೆಗೂ ಒಬ್ಬರ ಮೇಲೂ ಹೋದವನಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ ಮಾವಾರಿಗೆ ಕಚ್ಚಿದ. ದಿನಾ ಅವರೇ ಅವನನ್ನ ಕುಂದುವಾಡ ಕೆರೆಗೆ ವಾಕಿಂಗ್ ಕರ್ಕೊಂಡು ಹೋಗೋದು. ಕಟ್ಟೆ ಮೇಲೆ ಕೂತು ಬೆಲ್ಟ್ ಹಾಕೋಕೆ ಅಂತ ಬಲಗೈ ಚಾಚಿದ್ದಾರೆ, ಅಷ್ಟೇ. ಗುರ್ ಇಲ್ಲ, ಬೊಗಳಿಲ್ಲ, ಸೀದಾ ಕೈಗೆ ಬಾಯಿ ಹಾಕಿದ. ಹೆಬ್ಬೆರಳಿನ ಬುಡದಲ್ಲಿ ಎರಡು ತೂತು, ದಪ್ಪ ಸೂಜಿ ಇಳಿಸಿದಂಗೆ. ರಕ್ತ ಬಂತು. ಆಮೇಲೆ ಇವನೇ ಹೆದರಿ ಮೆಷಿನ್ ಕೆಳಗೆ ನುಗ್ಗಿದ, ಮಧ್ಯಾಹ್ನದವರೆಗೂ ಈಚೆ ಬರಲಿಲ್ಲ.

ಅತ್ತೆ ಗಾಯಕ್ಕೆ ಅರಿಶಿನ ಒತ್ತಿದ್ದಾರೆ. ಮಾವಾರು ಆಸ್ಪತ್ರೆ ಬೇಡ, ವರ್ಷ ವರ್ಷ ನಾಯಿಗೆ ಇಂಜೆಕ್ಷನ್ ಹಾಕ್ಸಿದೀವಲ್ಲ ಅಂತ ಹಟ. ಕಾರ್ಡ್ ತೆಗೆದು ನೋಡಿದ್ರೆ ಕೊನೇ ಇಂಜೆಕ್ಷನ್ ಆಗಿ 14 ತಿಂಗಳು.

ಮೂರು ವಾರದ ಹಿಂದೆ ಒಂದು ಸಲ ಗುರ್ ಅಂದಿದ್ದ. ಅವತ್ತೂ ಮಾವಾರಿಗೇ, ಮಳೆಯಲ್ಲಿ ನೆನೆದು ಬಂದಾಗ ಟವೆಲ್ ತಗೊಂಡು ಮುಖ ಒರೆಸ್ತಿದ್ರು. ಪೇಪರ್ ಸುರುಳಿ ಮಾಡಿ ಎರಡು ಬಾರಿಸಿದ್ರು, ಅಲ್ಲಿಗೆ ಗುರ್ ಅನ್ನೋದು ನಿಂತುಹೋಯ್ತು. ಸರಿ ಹೋದ ಅಂದ್ಕೊಂಡ್ವಿ. ಮೂರನೇ ಕ್ಲಾಸಿನ ಮಗಳು ಮೈಮೇಲೆ ಬಿದ್ದು ಒದ್ದಾಡಿದ್ರೂ ಏನೂ ಮಾಡಲ್ಲ. ಊಟದಲ್ಲಿ ಮಾತ್ರ ಸೊಕ್ಕು ಜಾಸ್ತಿ ಆಗಿದೆ. ಮೊದಲು ಖಡಕ್ ರೊಟ್ಟಿ ಕಟಕಟ ತಿಂತಿದ್ದ, ಈಗ ಬಾಯಿಗೆ ಹಾಕ್ಕೊಂಡು ಉಗುಳ್ತಾನೆ, ಹಾಲನ್ನ ಕೊಟ್ರೆ ತಿಂತಾನೆ. ಜೊಲ್ಲು ಬೇರೆ. ಹೋದ ವಾರ ಗಿರಾಕಿಯೊಬ್ಬರ ಬ್ಲೌಸ್ ಪೀಸ್ ನೆನೆಸಿಬಿಟ್ಟ.

ಒಬ್ಬ ಡಾಕ್ಟ್ರಿಗೆ ಫೋನ್ ಮಾಡಿದ್ರೆ, ನಾಯಿ ನೋಡದೇನೇ "ಗಂಡು ನಾಯಿ ಹಂಗೇ, ಆಪರೇಷನ್ ಮಾಡ್ಸಿ" ಅಂದು ಇಟ್ರು. ಪಕ್ಕದ ಮನೆಯವರು ಬಾತಿ ಗುಡ್ಡದ ಕಡೆ ರಾತ್ರಿ ಬಿಟ್ಟು ಬನ್ನಿ ಅಂತಾರೆ. ನಮ್ಮೆಜಮಾನ್ರು ಹೊಲಕ್ಕೆ ಕಳಿಸೋಣ ಅಂತಾರೆ. ಮನೆಗೆ ಹೆಂಗಸರು, ಮಕ್ಕಳು ಬರ್ತಾರೆ, ನನಗೂ ಭಯ ಇದೆ. ಆದ್ರೆ ಇದನ್ನ ಬರೀತಿರೋವಾಗ ಅವನ ತಲೆ ನನ್ನ ಕಾಲ ಮೇಲಿದೆ.

ಹರಿಹರದ ಸಿಸ್ಟರ್

ಅಕ್ಕ, ನಾಯಿ ವಿಷಯ ಆಮೇಲೆ. ನಾಳೆ ಬೆಳಗ್ಗೆ ಮೊದಲು ಮಾವನವರನ್ನ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ. ಹಟ ಮಾಡಿದ್ರೆ ಆಟೋದಲ್ಲಿ ಎತ್ತಿ ಹಾಕಿ.

ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಕಚ್ಚಿದ ತಕ್ಷಣ ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೀಬೇಕಿತ್ತು. ತಡವಾಗಿದ್ರೂ ಪರವಾಗಿಲ್ಲ, ಈಗಲೇ ತೊಳೀರಿ. ರಕ್ತ ಬಂದಿದೆ ಅಂದ್ರೆ ತೋಳಿನ ಲಸಿಕೆ ಒಂದೇ ಸಾಲದು, ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ಅಂದ್ರೆ ಹುಚ್ಚುನಾಯಿ ರೋಗವನ್ನ ಅಲ್ಲೇ ತಡೆಯೋ ಇಂಜೆಕ್ಷನ್) ಹಾಕಬೇಕು, ಅದನ್ನ ನೀವೇ ಬಾಯಿ ಬಿಟ್ಟು ಕೇಳಿ. ಲಸಿಕೆ ಹಾಕಿದ ಮೊದಲ ದಿನ ಸೊನ್ನೆ ಅಂತ ಲೆಕ್ಕ, ಆಮೇಲೆ 3, 7, 28ನೇ ದಿನ. ಧನುರ್ವಾಯು ಇಂಜೆಕ್ಷನ್ನೂ ಕೇಳಿ.

ನಾಯಿಯನ್ನ ಕಚ್ಚಿದ ದಿನದಿಂದ 10 ದಿನ ಮನೆಯಲ್ಲೇ ಕಟ್ಟಿ ನೋಡಿ. ಅಷ್ಟು ದಿನ ಆರೋಗ್ಯವಾಗಿದ್ರೆ, ಕಚ್ಚಿದಾಗ ಅದರ ಜೊಲ್ಲಲ್ಲಿ ರೇಬೀಸ್ ಇರಲಿಲ್ಲ ಅಂತ. ಅಷ್ಟರೊಳಗೆ ಹೊಲಕ್ಕೆ ಕಳಿಸಿದ್ರೆ ಬದುಕಿತೋ ಸತ್ತಿತೋ ನಿಮಗೆ ಹೆಂಗೆ ಗೊತ್ತಾಗ್ಬೇಕು? ಹಾಗಂತ ಆ 10 ದಿನ ಕಾದು ಆಮೇಲೆ ಲಸಿಕೆ ಅಂತ ಕೂರಬೇಡಿ. ಜೊಲ್ಲು ಬರ್ತಿದೆ ಬೇರೆ ಅಂದಿದ್ದೀರಿ, ಬರಿಗೈಯಲ್ಲಿ ಬಾಯಿ ಮುಟ್ಟಬೇಡಿ, ಮಗಳನ್ನ ದೂರ ಇಡಿ.

ಡಾಬರ್‌ಮನ್ ಅಣ್ಣ

ಸಿಂಪಲ್. ಮನೆ ಯಜಮಾನ ಯಾರು ಅಂತ ಅದಕ್ಕೆ ಮರೆತುಹೋಗಿದೆ. ಕುತ್ತಿಗೆ ಹಿಡಿದು ಅಂಗಾತ ಕೆಡವಿ ಎರಡು ನಿಮಿಷ ಒತ್ತಿ ಹಿಡೀರಿ. ನಾನು ನಮ್ಮದಕ್ಕೆ ಹಂಗೇ ಮಾಡಿದ್ದು.

ದುರ್ಗದ ನಿವೃತ್ತ

ಡಾಬರ್‌ಮನ್ ಅಣ್ಣಾವ್ರೇ, ಆ ಪ್ರಯೋಗ ಮಾಡೋಕೆ ಹೋಗಿ ಮುಖಕ್ಕೆ ಕಚ್ಚಿಸ್ಕೊಂಡವರ ನಾಯಿಗಳನ್ನ ನಾನು ನೋಡಿದ್ದೀನಿ. ದಯವಿಟ್ಟು ಯಾರೂ ಮಾಡಬೇಡಿ.

ಮೇಡಂ, ನಾನು ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದು ರಿಟೈರ್ ಆದವನು, ಡಾಕ್ಟ್ರಲ್ಲ. ಹೆಚ್ಚಿನ ಸರ್ವಿಸೆಲ್ಲ ಚಳ್ಳಕೆರೆ ಕಡೆ ಕುರಿ, ಎತ್ತುಗಳ ಜೊತೆಗೇ ಕಳೀತು. ಒಂದು ಮಾತು ಮಾತ್ರ ಚೆನ್ನಾಗಿ ಕಲಿತಿದ್ದೀನಿ: ಸಾಧು ಪ್ರಾಣಿ ಇದ್ದಕ್ಕಿದ್ದಂಗೆ ತಿರುಗಿಬಿತ್ತು ಅಂದ್ರೆ ಮೊದಲು ನೋವು ಎಲ್ಲಿದೆ ಅಂತ ಹುಡುಕು.

ನೀವು ಬರೆದದ್ದನ್ನ ಎರಡು ಸಲ ಓದಿದೆ. ಮಾವನವರು ಎದುರಿಗೆ ಕೂತು ಬಲಗೈ ಚಾಚಿದ್ರೆ ಅದು ಹೋಗಿ ತಾಗೋದು ನಾಯಿಯ ಎಡಗೆನ್ನೆಗೆ. ಟವೆಲ್ಲಲ್ಲಿ ಒರೆಸಿದ್ದೂ ಮುಖವೇ. ಮಗು ಬೀಳೋದು ಬೆನ್ನ ಮೇಲೆ, ಅದಕ್ಕೆ ಸುಮ್ಮನಿದ್ದಾನೆ. ಖಡಕ್ ರೊಟ್ಟಿ ಉಗುಳ್ತಾನೆ, ಹಾಲನ್ನ ತಿಂತಾನೆ. ಇದು ಸೊಕ್ಕಲ್ಲ ಮೇಡಂ, ಹಲ್ಲು. ಎಡಗಡೆ ಮೇಲಿನ ದೊಡ್ಡ ದವಡೆ ಹಲ್ಲಿನ ಮೇಲೆ ನನ್ನ ಅನುಮಾನ. ಅದಕ್ಕೆ ಮೂರು ಬೇರು. ಸೀಳಿದ್ರೆ ಒಳಗೆ ಕೀವು ಕಟ್ಟಿ ಕಣ್ಣ ಕೆಳಗೆ ಊದಿಕೊಳ್ಳುತ್ತೆ. ದೂರದಿಂದಲೇ ನೋಡಿ, ಎರಡೂ ಕೆನ್ನೆ ಒಂದೇ ಸಮ ಇದೆಯಾ? ಕಿವಿಯೂ ಇರಬಹುದು, ಉಣ್ಣೆ ಹುಳ ಹೊಕ್ಕರೂ ಹೀಗೇ ಆಡ್ತವೆ. ಹಲ್ಲು ಸೀಳಿದ ನಾಯಿ ಊಟ ಬಿಡಲ್ಲ, ಒಂದೇ ಪಕ್ಕದಲ್ಲಿ ಅಗೀತಾ ಇರುತ್ತೆ, ಮನೆಯವರಿಗೆ ಗೊತ್ತೇ ಆಗಲ್ಲ.

ಇನ್ನು ಆ ಪೇಪರ್ ಏಟು. ಗುರ್ ಅಂದಿದ್ದಕ್ಕೆ ಹೊಡೆದ್ರಿ. ಅವನು ಗುರ್ ಅನ್ನೋದು ಬಿಟ್ಟ, ನೋವು ಬಿಡಲಿಲ್ಲ. ಅದಕ್ಕೇ ಈ ಸಲ ಹೇಳದೇ ಕೇಳದೇ ಬಾಯಿ ಹಾಕಿದ್ದು.

ನಾಯಿ ಬಾಯಿಗೆ ಕೈ ಹಾಕಿ ನೋಡೋ ಡಾಕ್ಟ್ರ ಹತ್ತಿರ ಹೋಗಿ. ಕಚ್ಚಿದ್ದಾನೆ, ಲಸಿಕೆ ತಪ್ಪಿದೆ ಅಂತ ಮುಂಚೆಯೇ ಹೇಳಿ, ಅವರೂ ಹುಷಾರಾಗಿರ್ತಾರೆ. ಮನೆಯಲ್ಲಿರೋ ನೋವಿನ ಮಾತ್ರೆ ಕೊಡಬೇಡಿ, ನಮ್ಮ ಐಬುಪ್ರೊಫೇನ್ ನಾಯಿಗೆ ವಿಷ. ಗುಡ್ಡದ ಕಡೆ ಬಿಡೋ ಮಾತು ಆಡಿದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ ಅಂತ ಹೇಳಿ.

ಹೊಲಿಗೆ ಮನೆ, ದಾವಣಗೆರೆ

ದುರ್ಗದ ಸರ್, ಎಲ್ಲಿದ್ದೀರೋ ಅಲ್ಲಿಗೇ ಕೈ ಮುಗೀತೀನಿ.

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಸಿಸ್ಟರ್ ಹೇಳಿದಂಗೆ ಮಾರನೇ ದಿನವೇ ಮಾವಾರಿಗೆ ಗಾಯಕ್ಕೂ ತೋಳಿಗೂ ಇಂಜೆಕ್ಷನ್ ಆಯ್ತು. ಗಾಯಕ್ಕೆ ಹಾಕಿದಾಗ ಅವರು ಮಾಡಿದ ಸದ್ದಿಗೆ ಪಕ್ಕದ ಸಾಲಿನ ಮಗು ಅಳೋದು ನಿಲ್ಲಿಸಿ ನೋಡ್ತು. 3 ಮತ್ತು 7ನೇ ದಿನದ್ದೂ ಮುಗಿದಿದೆ, ಕೊನೇದಕ್ಕೆ ಕ್ಯಾಲೆಂಡರ್‌ನಲ್ಲಿ ಗುಂಡು ಹಾಕಿದೀನಿ. ಗುಂಡನ 10 ದಿನಕ್ಕೂ ಅದೇ ಕ್ಯಾಲೆಂಡರ್, ದಿನಾ ಬೆಳಗ್ಗೆ ಮಗಳು ಟೈಲರ್ ಚಾಕ್‌ನಲ್ಲಿ ಗೀಟು ಎಳೀತಿದ್ಲು.

ಕೆನ್ನೆ ನೋಡಿದ್ವಿ. ಎಡಗಣ್ಣ ಕೆಳಗೆ ನಿಂಬೆಬೀಜದಷ್ಟು ಉಬ್ಬು. ಐದು ವರ್ಷ ದಿನಾ ನೋಡೋ ಮುಖ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ! ಬೇರೆ ಡಾಕ್ಟ್ರು ಗ್ಲೌಸ್ ಹಾಕ್ಕೊಂಡು, ಬಾಯಿಗೆ ಪಟ್ಟಿ ಕಟ್ಟಿ, ಪಕ್ಕದ ತುಟಿ ಎತ್ತಿ ಟಾರ್ಚ್ ಬಿಟ್ರು. ಸರ್ ಹೇಳಿದ ಅದೇ ಹಲ್ಲು. ಹೊರಮೈ ಕೊಬ್ಬರಿ ಚೂರಿನಂಗೆ ಎದ್ದು, ವಸಡಿಗೆ ಅಂಟ್ಕೊಂಡು ನೇತಾಡ್ತಿತ್ತು. ನಡುವೆ ಕೆಂಪು ಚುಕ್ಕಿ, ಅದು ಹಲ್ಲಿನ ಜೀವ ಅಂದ್ರು. ನನಗೆ ಹಲ್ಲು ಝುಂ ಅಂತು.

ಔಷಧ ಶುರುವಾದ ಮೇಲೆ ಉಬ್ಬು ಇಳೀತು. ಹತ್ತು ದಿನ ದಾಟಿದ ಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರ್ಕೊಂಡು ಹೋಗಿ, ಅನಸ್ತೇಷಿಯಾ ಕೊಟ್ಟು ಹಲ್ಲು ತೆಗೆಸಿದ್ವಿ.

ಹೊನ್ನಾಳಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ನಮ್ಮೆಜಮಾನ್ರು ಕೇಳಿದ್ರು, ರೊಟ್ಟಿ ತಿಂದು ಹಲ್ಲು ಹೆಂಗೆ ಸೀಳುತ್ತೆ ಅಂತ. ಮಾವಾರು ಲೋಟದಲ್ಲಿ ಸ್ವಲ್ಪ ಹೊತ್ತು ನೋಡಿ, "ಮೂಳೆ" ಅಂದ್ರು. ಯಾವ ಮೂಳೆ? ನಮ್ಮನೆಗೆ ಮೊಟ್ಟೆ ಸಹ ಬರಲ್ಲ ರೀ! ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡು ಈ ಮನುಷ್ಯ ಎಷ್ಟೋ ತಿಂಗಳಿಂದ ವಾಕಿಂಗ್ ನೆಪದಲ್ಲಿ ಮಟನ್ ಅಂಗಡಿಯಿಂದ ನಲ್ಲಿ ಮೂಳೆ ಇಸ್ಕೊಂಡು, ಪೇಪರಲ್ಲಿ ಸುತ್ತಿ, ಕೆರೆ ಏರಿ ಹಿಂದೆ ಕೂತು ಗುಂಡನಿಗೆ ತಿನ್ನಿಸ್ತಿದ್ರಂತೆ. "ನಮ್ಮ ಬಾಯಿಗಿಲ್ಲ ಅಂತ ಅದಕ್ಯಾಕೆ ಇಲ್ಲ ಅನ್ನಿಸ್ಬೇಕು" ಅಂತ. ಅತ್ತೆಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆದದ್ದು ಅವರು ಓದಲ್ಲ ಅನ್ನೋ ಧೈರ್ಯ.

ಗುಂಡ ಈಗ ಆರಾಮ್. ಆದ್ರೆ ಮಾವಾರ ಬಲಗೈ ಮೇಲೆದ್ರೆ ಸಾಕು, ತಲೆ ಹಿಂದಕ್ಕೆ ಎಳ್ಕೊಂಡು ಕಣ್ಣು ಬಿಳಿ ಮಾಡ್ತಾನೆ. ಇದು ಹೋಗುತ್ತಾ?

ದುರ್ಗದ ನಿವೃತ್ತ

ಹೋಗುತ್ತೆ, ಟೈಮ್ ಹಿಡಿಯುತ್ತೆ. ನೋವು ಹೋದ್ರೂ ಕೈ ಬಂದ್ರೆ ನೋವು ಅನ್ನೋ ನೆನಪು ಇದೆಯಲ್ಲ. ಮಾವನವರು ಕಟ್ಟೆ ಮೇಲೆ ಎದುರಿಗೆ ಬೇಡ, ಪಕ್ಕಕ್ಕೆ ತಿರುಗಿ ಕೂರಲಿ. ಬಲಗೈಯಲ್ಲಿ ಒಂದು ತುಂಡು ಮೆತ್ತಗಿನ ಚಪಾತಿ, ಅಂಗೈ ಕೆಳಗೆ ಚಾಚಿ ಸುಮ್ಮನೆ ಇರೋದು, ಅವನೇ ಬಂದು ತಗೊಳ್ಳಲಿ. ಮುಟ್ಟೋ ಹಾಗಿಲ್ಲ. ಅವನು ಕೈ ಕಂಡ ಕೂಡ್ಲೇ ಬಾಲ ಆಡಿಸೋಕೆ ಶುರು ಮಾಡಿದ ಮೇಲೆ ಎದೆ ಹತ್ತಿರ ತುರಿಸಲಿ, ಆಮೇಲೆ ಕುತ್ತಿಗೆ. ಕೆನ್ನೆ ಕೊನೆಗೆ. ಅಲ್ಲಿವರೆಗೆ ಬೆಲ್ಟ್ ನೀವು ಹಾಕಿ. ಮಧ್ಯೆ ಗುರ್ ಅಂದ್ರೆ ಬೈಬೇಡಿ, ಕೈ ಹಿಂದಕ್ಕೆ ತಗೊಳ್ಳಿ ಅಷ್ಟೇ. ರೇಬೀಸ್ ಲಸಿಕೆ ಡಾಕ್ಟ್ರು ಹೇಳಿದ ದಿನ ತಪ್ಪದೇ ಹಾಕಿಸಿ.

ಮಾವನವರಿಗೆ ಹೇಳಿ, ಹೆಬ್ಬೆರಳ ಉಗುರು ಒತ್ತಿದ್ರೆ ಗುರುತು ಬೀಳದಷ್ಟು ಗಟ್ಟಿ ಇರೋ ಯಾವುದನ್ನೂ ನಾಯಿಗೆ ಅಗಿಯೋಕೆ ಕೊಡಬಾರದು. ನಲ್ಲಿ ಮೂಳೆಗೆ ಒತ್ತಿ ನೋಡಲಿ.

ಹೊಲಿಗೆ ಮನೆ, ದಾವಣಗೆರೆ

ಓದಿ ಹೇಳಿದೆ ಸರ್. ಆಗಿನಿಂದ ಅಡುಗೆ ಮನೆಯಲ್ಲಿ ಕ್ಯಾರೆಟ್, ಬೆಲ್ಲ, ಕೊಬ್ಬರಿ ಬಟ್ಟಲು ಎಲ್ಲದಕ್ಕೂ ಉಗುರು ಒತ್ತಿ ನೋಡ್ತಿದ್ದಾರೆ, ಅತ್ತೆಗೆ ಇವರಿಗೇನಾಯ್ತು ಅಂತ ಗಾಬರಿ. ಖಡಕ್ ರೊಟ್ಟಿಗೆ ಒತ್ತಿದ್ರೆ ಗುರುತು ಬೀಳಲ್ಲ, ಮುರಿಯುತ್ತೆ, ಅದು ಯಾವ ಲೆಕ್ಕಕ್ಕೆ ಅಂತ ನಿಮ್ಮನ್ನ ಕೇಳೋಕೆ ಹೇಳಿದ್ದಾರೆ.