ಮೆಕ್ಕೆಜೋಳಕ್ಕೆ ದ್ರವ ಸಾರಜನಕ ಗೊಬ್ಬರ: ತಜ್ಞರನ್ನು ಕೇಳಿ

ಅಡ್ಮಿನ್: ಮಣ್ಣು ಮತ್ತು ಗೊಬ್ಬರದ ತಜ್ಞೆ ಇವತ್ತು ನಮ್ಮ ಜೊತೆ ಇದ್ದಾರೆ. ವಿಷಯ, ನಿಂತ ಮೆಕ್ಕೆಜೋಳಕ್ಕೆ ದ್ರವ ಸಾರಜನಕ ಗೊಬ್ಬರ, ಅಂದರೆ ಯುಎಎನ್, ಕೊಡುವುದು ಹೇಗೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಶೋಭಾ: ನಮಸ್ಕಾರ ಮೇಡಂ. ಯುಎಎನ್ ಅಂದರೆ ಯೂರಿಯಾನ ನೀರಲ್ಲಿ ಕರಗಿಸಿದ್ದು, ಅಲ್ವಾ?

ತಜ್ಞೆ: ನಮಸ್ಕಾರ. ಯೂರಿಯಾ ಒಂದೇ ಅಲ್ಲ, ಅಮೋನಿಯಂ ನೈಟ್ರೇಟ್ ಕೂಡ ಇರುತ್ತದೆ. ಶೇ 28 ಮತ್ತು ಶೇ 32 ಸಾರಜನಕ ಇರುವ ದ್ರವಗಳು ಸಾಮಾನ್ಯ. ಆ ಸಾರಜನಕದಲ್ಲಿ ಅರ್ಧ ಯೂರಿಯಾ ರೂಪದ್ದು, ಕಾಲು ಭಾಗ ಅಮೋನಿಯಂ, ಕಾಲು ಭಾಗ ನೈಟ್ರೇಟ್. ನೈಟ್ರೇಟ್ ಬೇರಿಗೆ ಕೂಡಲೇ ಸಿಗುತ್ತದೆ. ಜೋರು ನೀರು ಬಿದ್ದರೆ ಬೇರಿನ ಕೆಳಗೆ ಇಳಿದು ಹೋಗುವುದೂ ಅದೇ. ಯೂರಿಯಾ ಭಾಗ ಮಣ್ಣಿನ ಮೇಲೆಯೇ ಉಳಿದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅದಕ್ಕೇ ಮಣ್ಣಿನ ಒಳಗೆ ಇಳಿಸಿ ಅನ್ನುವುದು.

ಬಸು: ಎಕರೆಗೆ ಎಷ್ಟು ಲೀಟರ್ ಮೇಡಂ?

ತಜ್ಞೆ: ಲೀಟರಿನಿಂದ ಲೆಕ್ಕ ಶುರು ಮಾಡಬೇಡಿ. ಮಣ್ಣು ಪರೀಕ್ಷೆ ನೋಡಿ, ಎಷ್ಟು ಇಳುವರಿ ಬೇಕು ನೋಡಿ, ಎಷ್ಟು ಕಿಲೋ ಸಾರಜನಕ ಬೇಕು ಅಂತ ಮೊದಲು ಗೊತ್ತು ಮಾಡಿ. ಬಿತ್ತುವಾಗ ಕೊಟ್ಟಿದ್ದನ್ನು ಕಳೆಯಿರಿ. ಉಳಿದದ್ದು 40 ಕಿಲೋ ಅಂತ ಇಟ್ಟುಕೊಳ್ಳಿ. ಶೇ 32ರ ದ್ರವ 125 ಕಿಲೋ ಬೇಕು. ಅದರ ಒಂದು ಲೀಟರ್ ಸುಮಾರು 1.32 ಕಿಲೋ ತೂಗುತ್ತದೆ. ಹಾಗಾಗಿ ಬೇಕಾಗುವುದು ಸುಮಾರು 95 ಲೀಟರ್. 125 ಲೀಟರ್ ಸುರಿದರೆ ಸುಮ್ನೆ ದಂಡ.

ನಾಗ: ಯಾವ ಹಂತದಲ್ಲಿ ಕೊಡಬೇಕು?

ತಜ್ಞೆ: ಐದರಿಂದ ಎಂಟು ಎಲೆ. ಎಲೆ ಕಾಂಡಕ್ಕೆ ಕೂಡುವಲ್ಲಿ ತಿಳಿ ಬಣ್ಣದ ಪಟ್ಟಿ ಪೂರ್ತಿ ಕಂಡಿದ್ದರೆ ಮಾತ್ರ ಆ ಎಲೆ ಲೆಕ್ಕಕ್ಕೆ. ಸುಳಿಯಲ್ಲಿ ಸುರುಳಿ ಸುತ್ತಿಕೊಂಡಿರುವುದನ್ನು ಎಣಿಸಬೇಡಿ. ಆರು ಎಲೆ ಆಗುವ ಹೊತ್ತಿಗೆ ಬೆಳೆ ತನಗೆ ಬೇಕಾದ ಸಾರಜನಕದಲ್ಲಿ ಹತ್ತನೇ ಒಂದು ಪಾಲನ್ನೂ ಎತ್ತಿರುವುದಿಲ್ಲ. ಎಂಟು ದಾಟಿದ ಮೇಲೆ ಹಸಿವು ಜೋರು.

ಗಿರಿ: ಮೇಡಂ, ನಮ್ಮದು ಆರು ಸಾಲಿನ ಬಿತ್ತನೆ ಯಂತ್ರ. ಅದೇ ಅಗಲಕ್ಕೆ ಟ್ರ್ಯಾಕ್ಟರ್ ಹಿಂದೆ ಕುಳ ಕಟ್ಟಿ, ಕುಳಕ್ಕೆ ಪೈಪ್ ಕೊಟ್ಟು, ಸಾಲುಗಳ ನಡುವೆ ಯುಎಎನ್ ಬಿಟ್ಟೆವು. ಈಗ ಒಂಬತ್ತು ಎಲೆ. ಹೊಲದುದ್ದಕ್ಕೂ ನಾಲ್ಕು ಸಾಲು ಕಡು ಹಸಿರು, ಪಕ್ಕದಲ್ಲಿ ಎರಡು ಸಾಲು ಪೇಲವ. ಮತ್ತೆ ನಾಲ್ಕು ಹಸಿರು, ಮತ್ತೆ ಎರಡು ಪೇಲವ. ಫೋಟೋ ಹಾಕಿದ್ದೇನೆ.

ಮಂಜು: ಗಂಧಕ ಕಮ್ಮಿ ಆಗಿದೆ ಅಣ್ಣ, ಗ್ಯಾರಂಟಿ.

ನಾಗ: ಗಂಧಕ ನಾಲ್ಕು ಸಾಲು ಬಿಟ್ಟು ಎರಡು ಸಾಲಿಗೆ ಮಾತ್ರ ಕಮ್ಮಿ ಆಗುತ್ತಾ ಸರ್?

ತಜ್ಞೆ: ಗಿರಿ, ಹಳದಿ ಆಗಿರುವುದು ಮೇಲಿನ ಎಲೆಯೋ ಕೆಳಗಿನದೋ? ಕುಳ ಎಷ್ಟು?

ಗಿರಿ: ಕೆಳಗಿನದು. ತುದಿಯಿಂದ ಶುರುವಾಗಿ ನಡುನರದ ಗುಂಟ ಒಳಗೆ ಬಂದಿದೆ, ಅಂಚು ಇನ್ನೂ ಹಸಿರು. ಕುಳ ಐದು. ಆರು ಸಾಲಿನ ನಡುವೆ ಐದೇ ಸಂದು ಅಲ್ವಾ?

ಬಸು: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ. "ಯುಎಎನ್‌ಗೆ ಶಾಂಪೂ ಮತ್ತು ಅಡುಗೆ ಸೋಡಾ ಬೆರೆಸಿ ಬೆಳಿಗ್ಗೆ ಸುಳಿಗೆ ಸಿಂಪಡಿಸಿ. ಮೂರೇ ದಿನದಲ್ಲಿ ಬೆಳೆ ಕಡು ಹಸಿರು."

ತಜ್ಞೆ: ಗಿರಿ, ಕಾರಣ ಆ ಐದು ಕುಳದಲ್ಲೇ ಇದೆ. ನಡುವಿನ ನಾಲ್ಕು ಸಾಲಿಗೆ ಎರಡೂ ಪಕ್ಕದಿಂದ ಅರ್ಧರ್ಧ ಸಿಕ್ಕಿ ಪೂರ್ತಿ ಆಯಿತು. ತುದಿಯ ಸಾಲಿಗೆ ಒಳಗಿನ ಪಕ್ಕದಿಂದ ಮಾತ್ರ ಸಿಕ್ಕಿತು, ಅಂದರೆ ಅರ್ಧ. ಪಕ್ಕದ ಪಟ್ಟಿಗೆ ಟ್ರ್ಯಾಕ್ಟರ್ ಹೋದಾಗಲೂ ಹಾಗೇ. ಎರಡು ಪಟ್ಟಿ ಕೂಡುವ ಸಂದಿನಲ್ಲಿ ಯಾರೂ ಏನೂ ಬಿಟ್ಟಿಲ್ಲ. ಅದರ ಆಚೆ ಒಂದು, ಈಚೆ ಒಂದು ಸಾಲು ಅರೆಹೊಟ್ಟೆ. ನಾಲ್ಕು ಹಸಿರು, ಎರಡು ಪೇಲವ ಲೆಕ್ಕ ಸರಿ ಕೂಡುತ್ತದೆ. ನೀವು ಹೇಳಿದ ಎಲೆಯ ಗುರುತೂ ಸಾರಜನಕದ್ದೇ. ಗಂಧಕ ಆಗಿದ್ದರೆ ಮೇಲಿನ ಎಳೆ ಎಲೆ ಮೊದಲು ಬಿಳಚುತ್ತಿತ್ತು. ಪೊಟ್ಯಾಷ್ ಆಗಿದ್ದರೆ ಅಂಚು ಸುಡುತ್ತಿತ್ತು.

ಈಗಲೇ ಹೊಲಕ್ಕೆ ಹೋಗಿ ಎರಡು ಪೇಲವ ಸಾಲಿನ ನಡುವಿನ ಮಣ್ಣು ನೋಡಿ. ಕುಳದ ಗೀರು ಇರಬಾರದು. ಗೀರು ಇದ್ದರೆ ನನ್ನ ಮಾತು ತಪ್ಪು, ಪೈಪ್ ಕಟ್ಟಿಕೊಂಡಿದೆಯಾ ನೋಡಬೇಕು.

ಗೀರು ಇಲ್ಲದಿದ್ದರೆ ಇಡೀ ಹೊಲಕ್ಕೆ ಮತ್ತೆ ಗೊಬ್ಬರ ಬೇಡ. ಖಾಲಿ ಸಂದಿಗೆ ಮಾತ್ರ ಒಂದು ಕುಳ ಓಡಿಸಿ, ಒಂದು ಕುಳಕ್ಕೆ ಬಿಟ್ಟಿದ್ದಷ್ಟೇ ಬಿಡಿ. ಸಂದಿನ ನಡುಮಧ್ಯ ಹೋಗಲಿ, ಆಳ ಎಂಟರಿಂದ ಹತ್ತು ಸೆಂಟಿಮೀಟರ್. ಬುಡಕ್ಕೆ 15 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಬೇರು ಕತ್ತರಿಸುತ್ತದೆ. ಮಣ್ಣಿನಲ್ಲಿ ಹದ ಇರಬೇಕು, ಗೀರು ಮುಚ್ಚಿಕೊಳ್ಳಬೇಕು. ತಡ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ತೆನೆಯಲ್ಲಿ ರೇಷ್ಮೆ, ಅಂದರೆ ಕೂದಲಿನಂಥ ಎಳೆ, ಬರುವ ಹೊತ್ತಿಗೆ ಬೆಳೆ ತನ್ನ ಸಾರಜನಕದ ಸುಮಾರು ಮೂರನೇ ಎರಡು ಪಾಲು ಎತ್ತಿ ಮುಗಿಸಿರುತ್ತದೆ. ತೆನೆಯಲ್ಲಿ ಹೆಚ್ಚೆಂದರೆ ಎಷ್ಟು ಕಾಳು ಕಟ್ಟಬಹುದು ಅನ್ನುವುದೂ ಆಗಲೇ ಬಹುಮಟ್ಟಿಗೆ ತೀರ್ಮಾನ ಆಗಿರುತ್ತದೆ. ಒಣಗಿದ ಎಲೆ ತುದಿ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಇನ್ನೊಂದು ಸಲ ಸುರಿಯಬೇಡಿ. ಹೊಸ ಎಲೆಯ ಬಣ್ಣ ನೋಡಿ.

ಮುಂದಿನ ಬೆಳೆಗೆ ಏಳು ಕುಳ ಕಟ್ಟಿ. ತುದಿಯ ಎರಡಕ್ಕೆ ಅರ್ಧ ಹರಿವಿನ ನಾಜಲ್.

ತಜ್ಞೆ: ಬಸು, ಆ ಫಾರ್ವರ್ಡ್ ಅಳಿಸಿ. ಸೋಡಾ ಕ್ಷಾರ. ಯುಎಎನ್‌ಗೆ ಬಿದ್ದರೆ ಅಮೋನಿಯಾ ಟ್ಯಾಂಕಿನಿಂದಲೇ ಹಾರಿಹೋಗುತ್ತದೆ. ಶಾಂಪೂ ದ್ರವವನ್ನು ಎಲೆಗೆ ಮೆತ್ತಿಸುತ್ತದೆ, ಎಲೆ ಇನ್ನೂ ಚೆನ್ನಾಗಿ ಸುಡುತ್ತದೆ. ಸುಳಿಗಂತೂ ಬೇಡವೇ ಬೇಡ.

ಮಂಜು: ಮೇಡಂ, ನಾನು ಎಲೆಗೇ ಸಿಂಪಡಿಸುವುದು. ಇಷ್ಟು ವರ್ಷ ಏನೂ ಆಗಿಲ್ಲ.

ನಾಗ: ಏನೂ ಆಗಿಲ್ಲ ಅಂತ ಹೇಗೆ ಗೊತ್ತು? ಒಂದು ಪಟ್ಟಿ ಸಿಂಪಡಿಸದೆ ಬಿಟ್ಟು ತೂಕ ಮಾಡಿದ್ದೀರಾ?

ಮಂಜು: ಬೆಳೆ ನೋಡಿದರೆ ಗೊತ್ತಾಗಲ್ವಾ? ಪುಸ್ತಕ ಓದಿ ಯಾರೂ ಬೆಳೆ ತೆಗೆಯಲ್ಲ ಸರ್.

ನಾಗ: ಪುಸ್ತಕದ ಮಾತು ಯಾರು ಆಡಿದರು? ತಕ್ಕಡಿ ಕೇಳಿದ್ದು.

ತಜ್ಞೆ: ಮಂಜು, ಏನು ಸಿಂಪಡಿಸುತ್ತೀರಿ?

ಮಂಜು: ಶೇ 2ರ ಯೂರಿಯಾ, 200 ಲೀಟರ್ ನೀರಿಗೆ. ಯುಎಎನ್ ಅಲ್ಲ.

ತಜ್ಞೆ: ಅಂದರೆ 4 ಕಿಲೋ ಯೂರಿಯಾ. ಸಾರಜನಕ 2 ಕಿಲೋ ಕೂಡ ಇಲ್ಲ. ಎಲೆ ಸುಡದಿರುವುದು ಅದಕ್ಕೇ. 40 ಕಿಲೋ ಬೇಕಾದ ಬೆಳೆಗೆ ಅದು ಊಟ ಆಗುವುದಿಲ್ಲ. ಅದೇ ಧೈರ್ಯದಲ್ಲಿ ಯುಎಎನ್ ಅನ್ನು ಎಲೆ ಮೇಲೆ ಹೊಡೆದರೆ ಎಲೆ ಹೋಗುತ್ತದೆ.

ಮಂಜು: ನಮ್ಮ ಅನುಭವಕ್ಕೆ ಇಲ್ಲಿ ಬೆಲೆ ಇಲ್ಲ ಅಂತಾಯ್ತು.

ನಾಗ: ಲೆಕ್ಕ ಹೇಳಿದ್ದಕ್ಕೆ ಸಿಟ್ಟು ಯಾಕೆ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ರೇಣು: ಸ್ವೀಟ್ ಕಾರ್ನ್‌ಗೂ ಇದೇ ಲೆಕ್ಕಾನಾ ಮೇಡಂ?

ಶೋಭಾ: ಮೇಡಂ, ಅರ್ಜೆಂಟ್. ಡ್ರಿಪ್ ಪೈಪಿನಲ್ಲಿ ಪಾಚಿ ಇತ್ತು ಅಂತ ಗೊಬ್ಬರದ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಬಿಟ್ಟಿದ್ದೇವೆ. ಇನ್ನೂ ಸ್ವಲ್ಪ ನೀರು ತಳದಲ್ಲಿದೆ. ಅದಕ್ಕೇ ಯುಎಎನ್ ಸುರಿಯಬಹುದಾ?

ತಜ್ಞೆ: ಬೇಡ! ಸುರಿಯಬೇಡಿ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅಮೋನಿಯಂ ಜೊತೆ ಸೇರಿದರೆ ವಿಷದ ಅನಿಲ ಏಳುತ್ತದೆ. ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಅಪಾಯ. ಟ್ಯಾಂಕ್ ಖಾಲಿ ಮಾಡಿ, ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ, ಪೈಪಿಗೂ ಬರೀ ನೀರು ಬಿಟ್ಟು ಕೊನೆಯ ಮುಚ್ಚಳ ತೆಗೆದು ಹೊರಗೆ ಹರಿಸಿ. ಇನ್ನು ಮುಂದೆ ಎರಡಕ್ಕೂ ಬೇರೆ ಬೇರೆ ಟ್ಯಾಂಕ್, ಬೇರೆ ಬೇರೆ ದಿನ. ಯಾರಾದರೂ ಆಗಲೇ ಸುರಿದಿದ್ದರೆ ಬಗ್ಗಿ ನೋಡಬೇಡಿ. ಗಾಳಿ ಬರುವ ದಿಕ್ಕಿಗೆ ದೂರ ಹೋಗಿ.

ಶೋಭಾ: ಸುರಿದಿಲ್ಲ ಮೇಡಂ. ಅಣ್ಣನಿಗೆ ಫೋನ್ ಮಾಡಿ ನಿಲ್ಲಿಸಿದೆ.

ತಜ್ಞೆ: ಒಳ್ಳೆಯದು. ತೊಳೆದ ಮೇಲೆ ಡ್ರಿಪ್‌ನಲ್ಲಿ ಕೊಡುವಾಗ ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಪೈಪ್ ತೊಳೆಯುವಷ್ಟು ನೀರು. ಆಮೇಲೂ ಗಂಟೆಗಟ್ಟಲೆ ನೀರು ಬಿಟ್ಟರೆ ನೈಟ್ರೇಟ್ ಬೇರು ದಾಟಿ ಹೋಗುತ್ತದೆ.

ಬಸು: ಎಕರೆಗೆ ಎಷ್ಟು ಲೀಟರ್ ಅಂತ ಒಂದೇ ಮಾತಲ್ಲಿ ಹೇಳಿ ಮೇಡಂ.

ತಜ್ಞೆ: ಮೇಲೆ ಇದೆ.

ಹರೀಶ: ಟ್ರ್ಯಾಕ್ಟರ್ ಇಲ್ಲ, ಡ್ರಿಪ್ ಇಲ್ಲ. ಮಣ್ಣಿನ ಮೇಲೆಯೇ ಬಿಡಬೇಕು. ಏನು ಮಾಡಲಿ?

ತಜ್ಞೆ: ಸಿಂಪಡಿಸಬೇಡಿ. ಬುಡದ ಪಕ್ಕ ಧಾರೆಯಾಗಿ, ಒಂದು ಗೆರೆ ಎಳೆದಂತೆ ಬಿಡಿ. ಕೂಳೆ, ಕಸದ ಮೇಲೆ ಬಿದ್ದರೆ ನಷ್ಟ ಜಾಸ್ತಿ. ಎರಡು ದಿನದೊಳಗೆ 12 ಮಿಲಿಮೀಟರಿನಷ್ಟು ಮಳೆಯೋ ನೀರೋ ಸಿಗಬೇಕು. ಸಿಗುವ ಭರವಸೆ ಇಲ್ಲದಿದ್ದರೆ ಎನ್‌ಬಿಪಿಟಿ ಅನ್ನುವ ರಾಸಾಯನಿಕ ಬೆರೆಸಿ, ಯೂರಿಯಾ ಒಡೆಯುವುದು ಸುಮಾರು ಒಂದರಿಂದ ಎರಡು ವಾರ ತಡವಾಗುತ್ತದೆ.

ಬಸು: ಮತ್ತೆ ಬೂದಿ ಬೆರೆಸಿದರೆ ನಷ್ಟ ಕಮ್ಮಿ ಅಂತ ಇನ್ನೊಂದು ಗ್ರೂಪಿನಲ್ಲಿ

ತಜ್ಞೆ: ಬೂದಿಯೂ ಕ್ಷಾರವೇ. ಬೇಡ. ದಯವಿಟ್ಟು ಇನ್ನೊಂದು ಗ್ರೂಪಿನದ್ದು ಇಲ್ಲಿ ತರಬೇಡಿ.

ಮಂಜು: ಎಲ್ಲದಕ್ಕೂ ಬೇಡ ಬೇಡ ಅಂದರೆ ಕೇಳುವುದಾದರೂ ಯಾಕೆ?

ನಾಗ: ನೀವು ಇನ್ನೂ ಒಂದೂ ಪ್ರಶ್ನೆ ಕೇಳಿಲ್ಲ.

ಅಡ್ಮಿನ್: ಮಂಜು, ನಾಗ, ಕೊನೆಯ ಸಲ ಹೇಳುತ್ತಿದ್ದೇನೆ.

ಗಿರಿ: ಮೇಡಂ, ಹೊಲಕ್ಕೆ ಹೋಗಿ ಬಂದೆ. ಪೇಲವ ಸಾಲಿನ ನಡುವೆ ಗೀರು ಇಲ್ಲ, ಮಣ್ಣು ಕದಲಿಯೇ ಇಲ್ಲ. ಪಕ್ಕದ ಸಂದುಗಳಲ್ಲಿ ಗೀರು ಚೆನ್ನಾಗಿ ಕಾಣುತ್ತೆ. ಬೆಳಿಗ್ಗೆ ಒಂದು ಕುಳ ಕಟ್ಟುತ್ತೇನೆ. ಹಿಂದೆ ನೀರು ಬಿಟ್ಟು ಅಳತೆ ಮಾಡಿದ್ದೆ, ಅದೇ ಸಾಕಾ?

ತಜ್ಞೆ: ಸಾಲದು. ಯುಎಎನ್ ನೀರಿಗಿಂತ ಭಾರ. ನೀರು ನಿಮಿಷಕ್ಕೆ 1 ಲೀಟರ್ ಬರುವ ನಾಜಲ್‌ನಲ್ಲಿ ಅದೇ ಒತ್ತಡಕ್ಕೆ ಶೇ 32ರ ದ್ರವ ಸುಮಾರು 870 ಮಿಲಿ ಬರುತ್ತದೆ. ಗೊಬ್ಬರವನ್ನೇ ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆಯಿರಿ. ಪೈಪಿನ ಜೋಡಣೆಯಲ್ಲಿ ಹಿತ್ತಾಳೆ, ತಾಮ್ರ ಇದ್ದರೆ ತೆಗೆಯಿರಿ, ಅದನ್ನು ಈ ದ್ರವ ತಿನ್ನುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಹಾಕಿ. ಟ್ರ್ಯಾಕ್ಟರ್ ಅದೇ ಗೇರಿನಲ್ಲಿ ಹೋಗಲಿ.

ಗಿರಿ: ಆಯ್ತು ಮೇಡಂ. ಹೊಸ ಎಲೆ ಬಂದ ಮೇಲೆ ಫೋಟೋ ಹಾಕುತ್ತೇನೆ.

ತಜ್ಞೆ: ಹಸಿರು ಸಾಲಿನದ್ದೂ ಪಕ್ಕದಲ್ಲಿ ಇರಲಿ.