ಸಹಾಯ ಬೇಕು: ಆಂಗಲ್ ಕಾಕ್ ಮುರಿದಿದೆ, ನೀರು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಬೆಳಿಗ್ಗೆ 7 ಗಂಟೆಗೆ ಗೀಸರ್‌ಗೆ ನೀರು ಹೋಗುವ ಆಂಗಲ್ ಕಾಕ್ (ಗೋಡೆಗೆ ಕೂರಿಸಿದ ಪುಟ್ಟ ನಲ್ಲಿ) ತೊಟ್ಟಿಕ್ಕುತ್ತಿತ್ತೆಂದು ಸ್ವಲ್ಪ ಬಿಗಿ ಮಾಡಲು ಹೋದೆ. ಅದು ಕೈಗೇ ಬಂತು, ತಿರುಪಿನ ತುಂಡು ಗೋಡೆಯೊಳಗೆ ಉಳಿಯಿತು. ತಾರಸಿಯ 1000 ಲೀಟರ್ ಟ್ಯಾಂಕಿನ ಗೇಟ್ ವಾಲ್ವ್ ಸುಮ್ಮನೆ ಸುತ್ತುತ್ತದೆಯೇ ಹೊರತು ನೀರು ನಿಲ್ಲಿಸುವುದಿಲ್ಲ. ಪ್ಲಂಬರ್ 11 ಗಂಟೆಗೆ ಬರುತ್ತಾರಂತೆ. ಪ್ಲಂಬರ್ ಹೇಳುವ ಹನ್ನೊಂದು ಎಂದರೆ ಏನೆಂದು ನಿಮಗೇ ಗೊತ್ತು.

ಗೀಸರ್‌ನ ಎಂಸಿಬಿ ಇಳಿಸಿದ್ದೇನೆ. ಟ್ಯಾಂಕ್ ಮತ್ತೆ ತುಂಬದಂತೆ ಸಂಪಿನ ಮೋಟಾರನ್ನೂ ಬಂದ್ ಮಾಡಿದ್ದೇನೆ. ಅಡುಗೆಮನೆಯ ನಲ್ಲಿ ತೆರೆದು ಕೊಡ, ಬಕೆಟ್, ಕೊನೆಗೆ ಕುಕ್ಕರನ್ನೂ ತುಂಬಿಸಿದೆವು. ರಭಸ ತುಸು ಇಳಿಯಿತು. ಅಷ್ಟರಲ್ಲಿ ಅತ್ತೆಯವರು ಕ್ಯಾರೆಟ್ ಒಂದನ್ನು ಮೊನಚಾಗಿ ಕೆತ್ತಿ, ಹಳೆಯ ಪಂಚೆಯ ಚೂರು ಸುತ್ತಿ, ರಂಧ್ರಕ್ಕೆ ತುರುಕಿ ಲಟ್ಟಣಿಗೆಯಿಂದ ಎರಡೇಟು ಹಾಕಿದರು. ನಗಬೇಡಿ, ಅರ್ಧದಷ್ಟು ನೀರು ನಿಂತಿದೆ!

ಈಗ ನನ್ನ ಪ್ರಶ್ನೆ. ಟ್ಯಾಂಕಿನ ಒಳಗಿನಿಂದಲೇ ಪೈಪಿನ ಬಾಯಿಗೆ ಬಟ್ಟೆಯ ಉಂಡೆ ಒತ್ತಬಹುದೇ? ಅದು ಒಳಗೆ ಸೆಳೆದುಕೊಂಡು ಹೋದರೆ ಇನ್ನೊಂದು ತಾಪತ್ರಯ. ಉಳಿದ ತುಂಡಿಗೆ ಸ್ಕ್ರೂಡ್ರೈವರ್ ಬಡಿದು ಎಡಕ್ಕೆ ತಿರುಗಿಸಿ ತೆಗೆದರೆ ಅರ್ಧ ಇಂಚಿನ ಎಂಡ್ ಪ್ಲಗ್ (ಪೈಪಿನ ಬಾಯಿ ಮುಚ್ಚುವ ತಿರುಪಿನ ಬಿರಡೆ) ಹಾಕಬಹುದು, ಅಂಗಡಿ ಎದುರಿಗೇ ಇದೆ. ಆದರೆ ಗೋಡೆಯೊಳಗಿನ ಎಲ್ಬೋ (ಪೈಪ್ ತಿರುಗುವಲ್ಲಿನ ಜೋಡಣೆ) ಸೀಳಿದರೆ ಟೈಲ್ಸ್ ಒಡೆಯಬೇಕಾಗುತ್ತದೆ, ಮಾಲೀಕರು ಸುಮ್ಮನಿರುವುದಿಲ್ಲ.

ಕೆಳಮನೆಯವರ ಸೂರಿನಲ್ಲಿ ಫ್ಯಾನಿನ ಪಕ್ಕ ತೇವದ ಕಲೆ ಮೂಡಿದೆ. ಆ ಕೋಣೆಯ ವಿದ್ಯುತ್ ತೆಗೆಯಲು ಹೇಳಿದ್ದೇನೆ. ಅನುಭವವಿದ್ದವರು ದಯವಿಟ್ಟು ಬೇಗ ತಿಳಿಸಿ. ಕ್ಯಾರೆಟ್ ಸಡಿಲವಾಗುತ್ತಿದೆ.