ತೋಟದ ಮನೆಗೆ ಇಂಟರ್ನೆಟ್ ಹಾಕಿಸಬೇಕು, ಹಾಕಿಸಿದವರು ದಯವಿಟ್ಟು ಹೇಳಿ

ಕೇಳಿದವರು, ಕೆ.ಆರ್. ಪೇಟೆ ತಾಲ್ಲೂಕಿನಿಂದ:
ನಮ್ಮದು ಊರಿಂದ ಒಂದೂವರೆ ಕಿಲೋಮೀಟರ್ ಆಚೆ ತೋಟದ ಮನೆ. ಮಗಳು ಎರಡನೇ ಪಿಯುಸಿ, ಸಿಇಟಿಗೆ ಆನ್‌ಲೈನ್ ಕ್ಲಾಸ್ ಕೇಳುತ್ತಾಳೆ. ಮೊಬೈಲ್ ಡೇಟಾ ಸಂಜೆ ಆರಕ್ಕೇ ಮುಗಿಯುತ್ತದೆ. ಫೈಬರ್ ಹಾಕುವವರು ಕೇಬಲ್ ದುಡ್ಡು ಅಂತ 9,000 ಕೇಳುತ್ತಿದ್ದಾರೆ, ತಿಂಗಳ ದುಡ್ಡು ಬೇರೆ. ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಇದೇ ಕೆಲಸ ಪುಕ್ಕಟೆ ಆಯಿತು. ಹಾಕಿಸಲಾ, ಬಿಡಲಾ?

ಪಾಂಡವಪುರ ಕಡೆಯಿಂದ:
ಅಣ್ಣ, ಹಾಕಿಸಿ. ಆದರೆ ಒಬ್ಬರೇ ಹೋಗಿ ಕೇಳಬೇಡಿ.

ಎರಡು ವರ್ಷದ ಹಿಂದೆ ನಾನು ಮೈಸೂರು ಕುವೆಂಪುನಗರದ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದೆ. ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುತ್ತೇನೆ, ನೆಟ್ ನಿಂತರೆ ನನ್ನ ದುಡಿಮೆ ನಿಂತ ಹಾಗೆ. ಅಲ್ಲಿ ಮೂರು ಕಂಪನಿಯವರು ನಾ ಮುಂದು ತಾ ಮುಂದು ಅಂತ ಬರುತ್ತಿದ್ದರು. ಇಲ್ಲಿ ಇದ್ದದ್ದು ಒಬ್ಬರೇ, ಅವರೂ ಎರಡು ತಿಂಗಳು ಫೋನ್ ಎತ್ತಲಿಲ್ಲ. ಒಂದು ಮನೆಗೆ ಎಷ್ಟು ಮೀಟರ್ ಕೇಬಲ್ ಹೋಗುತ್ತದೆ ಅನ್ನುವುದೇ ಅವರ ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ಒಂದೇ ಮನೆಗೆ ಅಷ್ಟು ದೂರ ಎಳೆದರೆ ಅವರಿಗೆ ಗಿಟ್ಟುವುದಿಲ್ಲ. ಅದೇ ದಾರಿಯಲ್ಲಿ ಐದು ಮನೆ ಸಿಕ್ಕರೆ ಒಂದು ಫೈಬರ್ ತಂದು, ಕಂಬದ ಹತ್ತಿರ ಸ್ಪ್ಲಿಟರ್ ಅಂತ ಒಂದು ಲೈನನ್ನು ಹಲವು ಮನೆಗೆ ಹಂಚುವ ಸಾಧನ ಹಾಕಿ ಎಲ್ಲರಿಗೂ ಕೊಡುತ್ತಾರೆ. ನಾವು, ಆಲೆಮನೆಯವರು, ಡೈರಿ ಸೆಕ್ರೆಟರಿ, ಇನ್ನೆರಡು ಮನೆ ಸೇರಿದೆವು. ನನಗೊಬ್ಬಳಿಗೆ 8,000 ಅಂದಿದ್ದು ಮನೆಗೆ 2,200ಕ್ಕೆ ಇಳಿಯಿತು.

ತಿಂಗಳ ದುಡ್ಡು ಜಾಸ್ತಿ ಅನ್ನಿಸಿದರೆ ಈಗ ಮೊಬೈಲಿಗೆ ಹಾಕುವುದನ್ನು ಕೂಡಿ ನೋಡಿ. 28 ದಿನದ ರೀಚಾರ್ಜ್ ಅಂದರೆ ವರ್ಷಕ್ಕೆ 13 ಸಲ. 299ರ ಪ್ಯಾಕ್ ಮೂರು ಫೋನಿಗೆ ಅಂದರೆ ವರ್ಷಕ್ಕೆ 11,661 ರೂಪಾಯಿ. 499ರ ಫೈಬರ್ ಪ್ಲಾನ್ ಶೇಕಡಾ 18 ಜಿಎಸ್‌ಟಿ ಸೇರಿ ತಿಂಗಳಿಗೆ ಸುಮಾರು 589, ವರ್ಷಕ್ಕೆ 7,068. ಫೋನಿಗೆ ಮಾತಾಡುವಷ್ಟು ರೀಚಾರ್ಜ್ ಬೇಕೇ ಬೇಕು, ಹಾಗಾಗಿ ಉಳಿಯುವುದು ಭಾರಿ ಏನಲ್ಲ. ಆದರೆ ಮಗುವಿನ ಪಾಠ ಅರ್ಧಕ್ಕೆ ನಿಲ್ಲುವುದಿಲ್ಲ, ನನಗೆ ಅದೇ ದೊಡ್ಡದು.

ಕೇಬಲ್ ಎಳೆಯುವ ದಿನ ನೀವು ಜೊತೆಗಿರಿ. ನಮ್ಮಲ್ಲಿ ತಗ್ಗಾಗಿ ಕಟ್ಟಿ ಹೋಗಿದ್ದರು, ಕಬ್ಬಿನ ಲೋಡ್ ಟ್ರ್ಯಾಕ್ಟರ್ ಬಂದು ಕಿತ್ತುಕೊಂಡು ಹೋಯಿತು, ಹನ್ನೊಂದು ದಿನ ಮನೆಯ ನೆಟ್ ಬಾಕ್ಸಿನಲ್ಲಿ ಕೆಂಪು ಲೈಟ್, ನೆಟ್ ಇಲ್ಲ. ರಸ್ತೆ ದಾಟುವ ಕಡೆ ಕಬ್ಬಿನ ಲೋಡ್ ಸಲೀಸಾಗಿ ಹೋಗುವಷ್ಟು ಎತ್ತರ ಇರಲಿ. ಕೊನೆಗೆ ಫೈಬರಿನಲ್ಲಿ ಬರುವ ಬೆಳಕು ಎಷ್ಟಿದೆ ಅಂತ ಅಳೆಯುವ ಮೀಟರ್ ಹಾಕಿ ರೀಡಿಂಗ್ ತೋರಿಸಿ ಅನ್ನಿ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಜಾಯಿಂಟ್ ಮತ್ತೆ ಮಾಡಿಸಿ, ಅಲ್ಲಿಯವರೆಗೆ ದುಡ್ಡು ಕೊಡಬೇಡಿ. ಕರೆಂಟ್ ಹೋದಾಗಲೂ ನಡೆಯಬೇಕು ಅಂದರೆ ಆ ಬಾಕ್ಸಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು.

ಮಳವಳ್ಳಿಯಿಂದ:
ನಮ್ಮಲ್ಲಿ ಕೇಬಲ್ ಆಗಲೇ ಇಲ್ಲ, ಟವರಿಂದ 5ಜಿ ಹಿಡಿಯುವ ಬಾಕ್ಸ್ ತಾರಸಿ ಮೇಲೆ ಹಾಕಿಸಿದೆವು. ಮೊದಲು ರಾತ್ರಿ ಎಂಟರ ಹೊತ್ತಿಗೆ, ಎಲ್ಲರೂ ಫೋನ್ ಹಿಡಿದಿರುವಾಗ, ತಾರಸಿಯಲ್ಲಿ ನಿಂತು 5ಜಿ ಫೋನಲ್ಲಿ ಸ್ಪೀಡ್ ನೋಡಿ. ಹಗಲಲ್ಲಿ ನೋಡಿ ಮೋಸ ಹೋಗಬೇಡಿ. ತೆಂಗಿನ ಮರ ಅಡ್ಡ ಇದ್ದರೂ ಸಿಗ್ನಲ್ ಕಮ್ಮಿಯಾಗುತ್ತದೆ.

ಮಂಡ್ಯದಿಂದ, ಹೈಸ್ಕೂಲ್ ಮೇಷ್ಟ್ರು:
9,000 ಕೊಡುವ ಮುಂಚೆ ಪಂಚಾಯಿತಿಗೆ ಒಂದು ಅರ್ಜಿ ಕೊಡಿ. ಭಾರತ್‌ನೆಟ್ ಅಂತ ಇದೆ ಅಲ್ವಾ, 2011ರಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಸಿಕ್ಕ ಯೋಜನೆ. ಪಂಚಾಯಿತಿಗಳ ತನಕ ಫೈಬರ್ ತರುವುದು ಅದರ ಗುರಿ. ಅಲ್ಲಿಂದ ತೋಟದ ಮನೆಗೆ ಬರುವ ಕೊನೆಯ ದೂರದಲ್ಲೇ ನಿಮ್ಮಂಥವರು ಸಿಕ್ಕಿಬೀಳುವುದು. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇದಕ್ಕೆ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಪಂಚಾಯಿತಿ ಕೇಂದ್ರ ಅಲ್ಲದ ಹಳ್ಳಿಗಳಿಗೂ ಬೇಡಿಕೆ ಬಂದರೆ ಕೊಡುವುದು ಅದರಲ್ಲಿದೆ. ಬೇಡಿಕೆ ಬಂದರೆ ಅನ್ನುವುದನ್ನು ಗಮನಿಸಿ. ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ. ಐದಾರು ಮನೆಯವರ ಸಹಿ ಹಾಕಿಸಿ, ಸ್ವೀಕೃತಿ ತೆಗೆದುಕೊಳ್ಳಿ, ಗ್ರಾಮಸಭೆಯಲ್ಲಿ ಓದಿಸಿ. ಅದು ಬರುವ ತನಕ ಮಗಳ ಕ್ಲಾಸ್ ಕಾಯುವುದಿಲ್ಲ, ಪಾಂಡವಪುರದ ಅಕ್ಕ ಹೇಳಿದ ದಾರಿಯನ್ನೂ ಹಿಡಿಯಿರಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ನೆಟ್ ಇದೆಯಾ ಅಂತಲೂ ವಿಚಾರಿಸಿ, ಇದ್ದರೆ ಹಗಲಲ್ಲಿ ಪಾಠ ಡೌನ್‌ಲೋಡ್ ಮಾಡಿಕೊಳ್ಳಬಹುದು.

2020ರ ಲಾಕ್‌ಡೌನಿನಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿ ಸಿಗ್ನಲ್‌ಗೋಸ್ಕರ ನಾಲೆ ಏರಿ ಮೇಲೆ ಕೊಡೆ ಹಿಡಿದು ಕೂರುತ್ತಿದ್ದಳು. ಅವಳ ಅಪ್ಪ ಪಕ್ಕದಲ್ಲೇ ಹಸು ಮೇಯಿಸುತ್ತ ಕಾಯುತ್ತಿದ್ದರು. ಪಟ್ಟಣದ ಮಕ್ಕಳು ಮನೆಯೊಳಗೆ ಕೂತು ಅದೇ ಪಾಠ ಕೇಳಿದರು. ಪ್ರಶ್ನೆಪತ್ರಿಕೆ ಮಾತ್ರ ಎಲ್ಲರಿಗೂ ಒಂದೇ. ನನಗೆ ಅದನ್ನು ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ದಾರಿಯಲ್ಲಿ ಆರು ಮನೆ ಇವೆ, ಮೂರರಲ್ಲಿ ಓದುವ ಮಕ್ಕಳಿದ್ದಾರೆ. ನಾಳೆ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಎಲ್ಲರೂ ಸಿಗುತ್ತಾರೆ, ಅಲ್ಲೇ ಸಹಿ ಹಾಕಿಸುತ್ತೇನೆ. ಅಕ್ಕ, ಆ ಸ್ಪ್ಲಿಟರ್ ದುಡ್ಡು 2,200ರಲ್ಲೇ ಸೇರಿತ್ತಾ?

ಪಾಂಡವಪುರ ಕಡೆಯಿಂದ:
ಸೇರಿತ್ತು ಅಣ್ಣ. ಬೇರೆ ಕೇಳಿದರೆ ಕೊಡಬೇಡಿ.